ನೋರವ್ವನ ಆಯೇರಿ

ಬ್ಲ್ಯಾಕ್‌ಟೌನ್, ಸಿಡ್ನಿ
೨ ಮಾರ್ಚ್ ೨೦೨೪

ಅಣ್ಣಾ,

ಶರಣು. ನೀನು ಹೇಳಿದ ಹಾಗೆ ಕಾಗದದ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದ್ದೇನೆ. ಕ್ರಾನ್‌ಬರ್ನ್ ಮುಟ್ಟುವಷ್ಟರಲ್ಲಿ ಲಕೋಟೆಯೆಲ್ಲ ಹಳದಿಯಾಗಿದ್ದರೆ ಪೋಸ್ಟಿನವರನ್ನು ಬೈಯಬೇಡ. ಲಗ್ನದ ಮಾತು ಫೋನಿನಲ್ಲಿ ಬೇಡ, ಕಾಗದದಲ್ಲೇ ಆಗಲಿ ಎಂದವನು ನೀನೇ. ನನಗೂ ಅದೇ ಸರಿ. ಫೋನ್ ಹಿಡಿದರೆ ನೀನು ಒದರುತ್ತಿ, ನಾನು ಅಳುತ್ತೇನೆ, ವಿಷಯ ಇದ್ದಲ್ಲೇ ಇರುತ್ತದೆ.

ಮಗಳು ಗಾನವಿ ಒಪ್ಪಿದ ಹುಡುಗನ ಹೆಸರು ಡೆಕ್ಲನ್ ಮಾಹರ್. ಆಂಬ್ಯುಲೆನ್ಸಿನಲ್ಲಿ ಕೆಲಸ. ಇವಳು ಕೆಲಸ ಮಾಡುವ ಆಸ್ಪತ್ರೆಗೆ ರೋಗಿಗಳನ್ನು ತಂದು ತಂದು ಕೊನೆಗೆ ತಾನೇ ಸಿಕ್ಕಿಬಿದ್ದ. ಅವನ ಅಪ್ಪ ಬ್ರೆಂಡನ್ ರೌಸ್ ಹಿಲ್‌ನಲ್ಲಿದ್ದಾರೆ. ಸಿಡ್ನಿ-ಮೆಲ್ಬರ್ನ್ ನಡುವೆ ಲಾರಿ ಓಡಿಸಿ ನಿವೃತ್ತರಾದವರು. ತಾಯಿ ತೀರಿಕೊಂಡಿದ್ದಾರೆ. ಬ್ರೆಂಡನ್‌ರ ಸೋದರತ್ತೆ ಯೂನಿಸ್ ಎಂಬ ಹಣ್ಣುಮುದುಕಿ ಜೊತೆಗಿದ್ದಾರೆ.

"ಮನೆತನ ಎಂಥದು?" ಎಂದು ನೀನು ಮೊದಲು ಕೇಳುತ್ತಿ ಎಂದು ನನಗೆ ಗೊತ್ತು. ಅವರ ಮನೆಯ ಮೂಲ ಹಿರಿಯಳು ಆನೋರಾ. ಎರಡು ನೂರು ವರ್ಷಕ್ಕೆ ತುಸು ಕಡಿಮೆ ಆಯಿತು, ಐರ್ಲೆಂಡಿನಿಂದ ಬಂದವಳು. ಸರ್ಕಾರದ ಹಡಗಿನಲ್ಲಿ, ಸರ್ಕಾರದ ಖರ್ಚಿನಲ್ಲಿ. ಏಳು ವರ್ಷಕ್ಕೆ ಸಹಿ ಆಗಿತ್ತಂತೆ. ಇಲ್ಲೇ ಪರಮಟ್ಟಾದಲ್ಲಿ ಉಣ್ಣೆ ನೂಲುವ ಸರ್ಕಾರಿ ಕಾರ್ಖಾನೆಯಲ್ಲಿದ್ದಳು. ಇಷ್ಟು ಸಾಕಲ್ಲ?

ಅಣ್ಣಾ, ಗಾನವಿಯ ಅಪ್ಪ ತೀರಿಹೋದಾಗ, ಇನ್ನೂ ಊರಲ್ಲೇ ಇದ್ದ ನೀನು ಹುಬ್ಬಳ್ಳಿಯ ಅರಿವೆ ಅಂಗಡಿಗೆ ಬೀಗ ಹಾಕಿ ವಿಮಾನ ಹತ್ತಿದ್ದೆ. ನಾನು ಹಾಸಿಗೆ ಬಿಟ್ಟು ಏಳದ ದಿನಗಳಲ್ಲಿ ನೀನು ಇವಳಿಗೆ ಎರಡು ಜಡೆ ಹೆಣೆದು ಶಾಲೆಗೆ ಕಳಿಸಿದೆ. ಒಂದು ಜಡೆ ಮೇಲೆ, ಒಂದು ಕೆಳಗೆ. ಅವಳು ಬಿಚ್ಚಿಕೊಳ್ಳದೆ ಹಾಗೇ ಹೋಗುತ್ತಿದ್ದಳು. ಸೋದರಮಾವ ಕೈಹಿಡಿದು ಕರೆತರದೆ ತಾನು ಲಗ್ನದ ಹಂದರ ಹತ್ತುವುದಿಲ್ಲ ಎಂದು ಈಗ ಹಟ ಹಿಡಿದಿದ್ದಾಳೆ. ನೀನು ಹೂಂ ಅನ್ನಬೇಕು. ನನಗೆ ಬೇಕಾದದ್ದು ಅದೊಂದೇ.

ತಂಗಿ ಗೌರಿ


ಕ್ರಾನ್‌ಬರ್ನ್, ಮೆಲ್ಬರ್ನ್
೧೪ ಮಾರ್ಚ್ ೨೦೨೪

ಗೌರವ್ವಾ,

ಆಶೀರ್ವಾದ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲನೇ ಸಲ ಹುಡುಗ ಬಿಳಿಯನೆಂದು ಸಿಟ್ಟಿನಿಂದ, ಎರಡನೇ ಸಲ ಮನೆತನ ನೋಡಿ ಸಮಾಧಾನದಿಂದ. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳಿಗೆ ಸಮುದ್ರದಾಚೆ ಸರ್ಕಾರಿ ಹುದ್ದೆ ಎಂದರೆ ಹುಡುಗಾಟವೇನು? ಅದೂ ನೂಲಿನ ಖಾತೆಯಲ್ಲಿ. ನಾವೂ ಮೂರು ತಲೆಮಾರು ಅರಿವೆ ಮಾರಿದವರು. ಕುಲ ಬೇರೆಯಾದರೂ ಕಸುಬು ಕೂಡಿಬಂತು. ಮನೆಯಾಕೆಗೆ, ನಿಮ್ಮ ವೈನಿಗೆ, ಹೇಳಿದೆ, ಆಕೆ "ನಿಮಗ ಒಪ್ಪಿಗಿ ಆದ್ರ ಜಗತ್ತಿಗೇ ಒಪ್ಪಿಗಿ ಆದಂಗ" ಎಂದು ನಕ್ಕಳು.

ನಾನು ಬರುತ್ತೇನೆ. ಗಾನವಿಯ ಕೈ ಹಿಡಿದು ನಾನೇ ಹಂದರಕ್ಕೆ ತರುತ್ತೇನೆ. ಲಗ್ನಪತ್ರಿಕೆಯ ಕೆಲಸವೂ ನನ್ನದೇ. ಹುಬ್ಬಳ್ಳಿಯಲ್ಲಿ ಬಸವಣ್ಣೆಪ್ಪನ ಪ್ರೆಸ್ಸಿನಲ್ಲಿ ಹಾಕಿಸಿ ತರಿಸುತ್ತೇನೆ. ಬೀಗರಿಗೆ ಉಡುಗೊರೆಯಾಗಿ ಕೊಡುವ ಆಯೇರಿ ಸೀರೆಗಳು ಇಳಕಲ್ಲಿನಿಂದ ಬರಲಿ. ಬೀಗರ ಮನೆಯ ಹೆಣ್ಣುಮಕ್ಕಳ ಹೆಸರನ್ನು ಹಿರಿತನದ ಪ್ರಕಾರ ಬರೆದು ಕಳಿಸು. ಆಯೇರಿ ಕೊಡುವಾಗ ಹೆಸರು ಕೂಗುವವನು ನಾನು. ಹಿರಿಯರನ್ನು ಬಿಟ್ಟು ಕಿರಿಯರಿಗೆ ಮೊದಲು ಕೊಟ್ಟರೆ ಆ ಅಪಮಾನ ಏಳು ಜನ್ಮಕ್ಕೂ ಹೋಗುವುದಿಲ್ಲ.

ಆನೋರಾ ಬಾಯಿಯವರ ಹುದ್ದೆಯ ಹೆಸರೇನು? ಇಲ್ಲಿಯ ಕನ್ನಡ ಸಂಘದಲ್ಲಿ ಜನ ಕೇಳುತ್ತಿದ್ದಾರೆ.

ಮಡಿವಾಳಪ್ಪ


ಬ್ಲ್ಯಾಕ್‌ಟೌನ್
೨೨ ಮಾರ್ಚ್ ೨೦೨೪

ಅಣ್ಣಾ,

ನೀನು ಹೂಂ ಎಂದ ಸಾಲನ್ನು ಗಾನವಿಗೆ ಓದಿ ಹೇಳಿದೆ. "ಮಾಮಾ ಈಸ್ ದ ಬೆಸ್ಟ್" ಎಂದು ಕುಣಿದಳು, ಆಮೇಲೆ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ನಾನೂ ಈಚೆ ನಿಂತು ಅತ್ತೆ.

ಹುದ್ದೆಯ ಹೆಸರು ನನಗೆ ಸರಿಯಾಗಿ ತಿಳಿಯದು. ನದೀಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರಲ್ಲ. ಪತ್ರಿಕೆಯಲ್ಲಿ ಬ್ರೆಂಡನ್‌ರ ಹೆಸರೊಂದೇ ಇದ್ದರೆ ಸಾಕು. ಅಷ್ಟು ಹಿಂದಿನವರೆಲ್ಲ ಯಾಕೆ, ಜಾಗವೂ ಸಾಲದು. ಸಂಘದಲ್ಲಿ ಬಹಳ ಹೇಳಿಕೊಂಡು ತಿರುಗಬೇಡ, ದೃಷ್ಟಿಯಾಗುತ್ತದೆ.

ಆಯೇರಿಗೆ ಹೆಣ್ಣುಮಕ್ಕಳೆಂದರೆ ಯೂನಿಸ್ ಆಂಟಿ, ಆಮೇಲೆ ಬ್ರೆಂಡನ್‌ರ ಇಬ್ಬರು ತಂಗಿಯರು. ಅಷ್ಟೇ.

ಗೌರಿ


ಕ್ರಾನ್‌ಬರ್ನ್
೨೩ ಜೂನ್ ೨೦೨೪

ಗೌರವ್ವಾ,

ಪತ್ರಿಕೆಗಳು ಬಂದವು. ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ನೋಡು, ಜಾಗಕ್ಕೇನು ಬರ ಬಂದಿದೆ? ಬಲಗಡೆ ನಮ್ಮ ಕಡೆಯವರು, ಮೇಲೆ ನಮ್ಮಪ್ಪ ಲಿಂ. ಶಿವಬಸಪ್ಪನವರು. ಎಡಗಡೆ ಬೀಗರು, ಎಲ್ಲರಿಗಿಂತ ಮೇಲೆ ಲಿಂ. ಆನೋರಾ ಮಾಹರ್, ಅವರ ಕೆಳಗೆ ಬ್ರೆಂಡನ್. ತೀರಿಹೋದ ಹಿರಿಯರ ಹೆಸರಿನ ಮುಂದೆ ಲಿಂಗೈಕ್ಯ ಎಂದು ಹಾಕುವುದು ನಮ್ಮ ಪದ್ಧತಿ. ಬೀಗರಾದ ಮೇಲೆ ಅವರಿಗೊಂದು, ನಮಗೊಂದು ಎಂದು ಭೇದ ಮಾಡಲಿಕ್ಕಾಗುತ್ತದೆಯೇ? ಅದಕ್ಕೆ ಹಾಕಿಸಿದೆ.

ಬ್ರೆಂಡನ್ ಅವರಿಗೆ ಒಂದನ್ನು ನಾನೇ ನೇರ ಪೋಸ್ಟ್ ಮಾಡಿದ್ದೇನೆ. ಆಷಾಢ ಕಳೆದು ಶ್ರಾವಣದಲ್ಲಿ, ಆಗಸ್ಟ್ ೨೫ಕ್ಕೆ ಮುಹೂರ್ತ. ಬರುವ ರವಿವಾರ ಸಂಘದ ಊಟವಿದೆ, ಅಲ್ಲಿ ಎಲ್ಲರಿಗೂ ಹಂಚುತ್ತೇನೆ.

ಮಡಿವಾಳಪ್ಪ


ಕ್ರಾನ್‌ಬರ್ನ್
೭ ಜುಲೈ ೨೦೨೪

ಗೌರಿ,

ಈ ಕಾಗದಕ್ಕೆ ಅರಿಷಿಣ ಹಚ್ಚಿಲ್ಲ.

ಸಂಘದ ಊಟದಲ್ಲಿ ಪತ್ರಿಕೆ ಹಂಚಿ, ಆನೋರಾ ಬಾಯಿಯ ಸರ್ಕಾರಿ ಹಡಗಿನ ಕಥೆಯನ್ನು ಮೈಕಿನಲ್ಲಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ದರ್ಶನ್ ಎಂಬ ಹುಡುಗ ತಟ್ಟೆ ಹಿಡಿದುಕೊಂಡು ಹತ್ತಿರ ಬಂದ. ಬೆಂಗಳೂರಿನವನು, ಇಲ್ಲಿ ಓದಿ, ಪಿಆರ್ ಪಡೆದು ಇಲ್ಲೇ ನೆಲೆಸಿದವನು. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ: "ಅಂಕಲ್, ಬೇಜಾರ್ ಮಾಡ್ಕೋಬೇಡಿ. ಸೆವೆನ್ ಇಯರ್ಸ್ ಅಂದ್ರೆ ಅದು ಜಾಬ್ ಅಲ್ಲ, ಸೆಂಟೆನ್ಸು. ಅವ್ರು ಕನ್ವಿಕ್ಟ್ ಆಗಿ ಬಂದಿರೋರು."

ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. ಶಿಕ್ಷೆಯಾಗಿ ಗಡೀಪಾರಾದವಳು! ಮನೆಗೆ ಬಂದು ಸೊಸೆ ಸಂಧ್ಯಾರಾಣಿಯನ್ನು ಕೇಳಿದರೆ ಅವಳಿಗೂ ಗೊತ್ತಿದೆ. ಗಾನವಿ ಅವಳಿಗೆ ಎಂದೋ ಹೇಳಿದ್ದಾಳೆ, ಕಳವಿಗೆ ಆದ ಶಿಕ್ಷೆಯಂತೆ. ಗೊತ್ತಿಲ್ಲದವನು ನಾನೊಬ್ಬನೇ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಗೌರಿ? ಇದು ಹೊರಬೀಳುತ್ತದೆ ಎಂದು ನಿನಗೆ ಅನಿಸಲಿಲ್ಲವೇ?

ಕಳವು ಮಾಡಿದವಳ ಹೆಸರಿನ ಮುಂದೆ ನಾನೇ ಕೈಯಾರೆ ಲಿಂಗೈಕ್ಯ ಎಂದು ಬರೆದು, ಅಪ್ಪನ ಸರಿಸಮ ಕೂರಿಸಿದೆ. ನಾನು ಲಗ್ನಕ್ಕೆ ಬರುವುದಿಲ್ಲ. ಗಾನವಿಯ ಕೈಯನ್ನು ಬೇರೆ ಯಾರಾದರೂ ಹಿಡಿಯಲಿ.

ಮಡಿವಾಳಪ್ಪ


ಬ್ಲ್ಯಾಕ್‌ಟೌನ್
೧೨ ಜುಲೈ ೨೦೨೪

ಅಣ್ಣಾ,

ಬೈದದ್ದು ಸರಿ. ನಾನು ಸುಳ್ಳು ಬರೆಯಲಿಲ್ಲ, ಆದರೆ ಬರೆದ ರೀತಿ ಸುಳ್ಳಿಗಿಂತ ಕಡೆ. ನಿಜ ಹೇಳಿದರೆ ನೀನು ಬರುವುದಿಲ್ಲ ಎಂದು ಹೆದರಿದೆ. ಈಗ ಅದೇ ಆಗಿದೆ. ಆದ್ದರಿಂದ ಇನ್ನು ಮುಚ್ಚಿಡಲು ಏನೂ ಇಲ್ಲ, ಬ್ರೆಂಡನ್ ಹೇಳಿದ್ದನ್ನೆಲ್ಲ ಬರೆಯುತ್ತೇನೆ.

ಆನೋರಾ ಕದ್ದದ್ದು ಒಂದು ಶಾಲು. ಕರಿ ಉಣ್ಣೆಯದು. ಟಿಪೆರರಿ ಎಂಬ ಸೀಮೆಯಲ್ಲಿ ಯಾರದೋ ಅಂಗಡಿಯ ಮುಂದೆ ತೂಗುಹಾಕಿದ್ದು. ಅವಳಿಗೆ ಇಪ್ಪತ್ತೆರಡು ವಯಸ್ಸು, ಗಂಡ ಜ್ವರದಲ್ಲಿ ಹೋಗಿದ್ದ, ಕಂಕುಳಲ್ಲಿ ಹೆಣ್ಣುಕೂಸು, ಮಾಗಿಯ ಚಳಿ. ಮಾರಲಿಕ್ಕಲ್ಲ ಅಣ್ಣಾ, ಅಲ್ಲೇ ಓಣಿಯ ತಿರುವಿನಲ್ಲಿ ಕೂಸಿಗೆ ಸುತ್ತಿಕೊಂಡು ಕುಳಿತಿದ್ದಳಂತೆ. ಅಂಗಡಿಯವನು ಬಂದು ಕೂಸಿನ ಮೈಮೇಲಿಂದ ಶಾಲು ಬಿಚ್ಚಿಕೊಂಡು ಹೋದ. ಅವಳಿಗೆ ಏಳು ವರ್ಷದ ಶಿಕ್ಷೆಯಾಯಿತು. ಕೂಸು ಹಡಗಿನಲ್ಲಿ ಉಳಿಯಲಿಲ್ಲ.

ಪರಮಟ್ಟಾದ ಆ ಕಾರ್ಖಾನೆ ಹೆಣ್ಣುಕೈದಿಗಳದು, ಅಲ್ಲಿ ಅವಳ ಕೈಗೆ ಉಣ್ಣೆ ಕೊಟ್ಟು ನೂಲಲು ಕೂರಿಸಿದರು. ಶಿಕ್ಷೆ ಮುಗಿದ ಮೇಲೆ ಮಾಹರ್ ಎಂಬ ಕುರಿ ಕಾಯುವವನನ್ನು ಮದುವೆಯಾದಳು, ಮಕ್ಕಳಾದವು. ರೌಸ್ ಹಿಲ್ ಆಗ ಬರೀ ಕಾಡು. ಸುತ್ತಲಿನ ಬಡವರ ಮನೆಗಳಲ್ಲಿ ಹೆರಿಗೆ ಮಾಡಿಸುವವಳು ಅವಳೊಬ್ಬಳೇ. ಹುಟ್ಟಿದ ಕೂಸನ್ನು ಮೊದಲು ಬೆಚ್ಚಗೆ ಸುತ್ತಿ, ಆಮೇಲೆ ತಾಯಿಯ ಕಡೆ ನೋಡುತ್ತಿದ್ದಳಂತೆ.

ಈಗಿನ ಜನ ಇಂಥ ಹಿರಿಯರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಿಂದೆ ಹಾಗಿರಲಿಲ್ಲ. ಮನೆಯ ಬೈಬಲ್ಲಿನಲ್ಲಿ ಅವಳ ಹೆಸರನ್ನು ಮಕ್ಕಳೇ ಚಾಕುವಿನಿಂದ ಕೆರೆದಿದ್ದರು. ಯೂನಿಸ್ ಆಂಟಿ ಸಣ್ಣವರಿದ್ದಾಗ ಆ ಕೆರೆದ ಜಾಗದ ಮೇಲೆ ಬೆರಳಿಟ್ಟು "ಇದು ಯಾರು?" ಎಂದಿದ್ದಕ್ಕೆ ಅವರ ಅಜ್ಜಿ ಕಪಾಳಕ್ಕೆ ಹೊಡೆದಿದ್ದರು. ಮರ್ಯಾದೆಯ ಭಯ ನಮಗೆ ಮಾತ್ರ ಇದೆ ಎಂದು ತಿಳಿಯಬೇಡ.

ಈ ಮನೆಗೆ ಮಗಳನ್ನು ಕೊಡಲು ನನಗೆ ಸಂತೋಷವಿದೆ. ನೀನು ಬರದಿದ್ದರೆ ಲಗ್ನ ನಿಲ್ಲುವುದಿಲ್ಲ, ಆದರೆ ಗಾನವಿ ಒಬ್ಬಳೇ ನಡೆದು ಬರುತ್ತಾಳೆ. ನಿನ್ನ ಜಾಗದಲ್ಲಿ ಬೇರೆ ಯಾರ ಕೈಯನ್ನೂ ಹಿಡಿಯುವುದಿಲ್ಲವಂತೆ. ನೀನು ಸಿಟ್ಟಾಗಿರುವುದನ್ನು ಬೀಗರಿಗೆ ತಿಳಿಸಿಲ್ಲ. ನನ್ನ ತಪ್ಪಿಗೆ ಅವರು ಯಾಕೆ ನೊಂದುಕೊಳ್ಳಬೇಕು?

ಗೌರಿ


ಬ್ಲ್ಯಾಕ್‌ಟೌನ್
೨೮ ಜುಲೈ ೨೦೨೪

ಅಣ್ಣಾ,

ದಿನವೂ ಪೋಸ್ಟ್ ಡಬ್ಬಿ ನೋಡುತ್ತೇನೆ. ಕರೆಂಟ್ ಬಿಲ್ಲು ಬರುತ್ತದೆ, ನೀನು ಬರುವುದಿಲ್ಲ. ಬೈದಾದರೂ ಎರಡು ಸಾಲು ಬರಿ.

ಗೌರಿ


ಕ್ರಾನ್‌ಬರ್ನ್
೪ ಆಗಸ್ಟ್ ೨೦೨೪

ಗೌರವ್ವಾ,

ಬರೆಯಬಾರದೆಂದೇ ಇದ್ದೆ. ಆದರೆ ಶುಕ್ರವಾರ ಇಲ್ಲಿ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಾಗಿಲಿನಷ್ಟೇ ಎತ್ತರದ ಮನುಷ್ಯ, ಕೆಂಪು ಮುಖ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನಮ್ಮ ಲಗ್ನಪತ್ರಿಕೆ. "ಮಡಿವಲಪ್ಪ?" ಎಂದ. ಬ್ರೆಂಡನ್! ಬೆಳಗ್ಗೆ ಕತ್ತಲಿರುವಾಗಲೇ ಸಿಡ್ನಿ ಬಿಟ್ಟು ಕಾರು ಓಡಿಸಿಕೊಂಡು ಬಂದಿದ್ದಾನೆ. ನಿನಗೂ ಹೇಳಿಲ್ಲವಂತೆ. "ಈ ಹಾದಿಯಲ್ಲಿ ಮೂವತ್ತು ವರ್ಷ ಸರಕು ಹೊತ್ತಿದ್ದೇನೆ, ಇವತ್ತು ನನ್ನ ಸ್ವಂತ ಕೆಲಸಕ್ಕೆ ಬಂದೆ" ಎಂದ.

ನನ್ನ ಹೊಟ್ಟೆಯಲ್ಲಿ ಸಿಟ್ಟು ಹಾಗೇ ಇತ್ತು. ಆದರೆ ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸಿದ ವಂಶವಲ್ಲ ನಮ್ಮದು. ಕೂರಿಸಿದೆ. ನಿಮ್ಮ ವೈನಿ ಗಿರ್ಮಿಟ್ ಕಲಸಿ, ಮೆಣಸಿನಕಾಯಿ ಬಜಿ ಕರಿದು ಕೊಟ್ಟಳು. ಬಜಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿದ. ಸಂಧ್ಯಾರಾಣಿ ನಡುವೆ ಕೂತು ಅವನ ಮಾತು ನನಗೆ, ನನ್ನ ಮಾತು ಅವನಿಗೆ ದಾಟಿಸಿದಳು.

ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಇದರಲ್ಲಿ ಆಕೆಯ ಹೆಸರು ಎಲ್ಲಿದೆ ತೋರಿಸಿ ಎಂದ. ಗಾನವಿ ತೋರಿಸಿದ್ದಾಳೆ, ಆದರೆ ಬರೆದವರೇ ತೋರಿಸಬೇಕಂತೆ. ತೋರಿಸಿದೆ. ಅಕ್ಷರದ ಮೇಲೆ ಬೆರಳು ಆಡಿಸಿದ. ದಪ್ಪ ಬೆರಳು, ಉಗುರಿನಲ್ಲಿ ಎಣ್ಣೆ ಮಸಿ. "ನಮ್ಮ ಮನೆಯಲ್ಲಿ ಈ ಹೆಸರನ್ನು ಕೆರೆದು ತೆಗೆದರು, ನೀವು ಮುದ್ರಿಸಿದಿರಿ, ಅದೂ ನನ್ನ ಹೆಸರಿಗಿಂತ ಮೇಲೆ" ಎಂದ. ಥ್ಯಾಂಕ್ಸ್ ಹೇಳಲಿಕ್ಕೆ ಬಂದದ್ದಂತೆ. ಅದಷ್ಟೇ ಕೆಲಸಕ್ಕೆ ಒಂದು ಹಗಲಿನ ದಾರಿ ಬಂದಿದ್ದಾನೆ.

ನಾನೇನು ಹೇಳಲಿ? ತಿಳಿಯದೆ ಹಾಕಿಸಿದೆ ಮಾರಾಯ, ತಿಳಿದಿದ್ದರೆ ಹಾಕಿಸುತ್ತಿರಲಿಲ್ಲ ಎನ್ನಲೇ? ಬಾಯಿತನಕ ಬಂತು. ಅಷ್ಟರಲ್ಲಿ ಅವನು ಹೆಸರಿನ ಮುಂದಿನ "ಲಿಂ." ತೋರಿಸಿ ಇದೇನು ಎಂದ. ಶಿವನಲ್ಲಿ ಒಂದಾದವರು ಎಂದು ಅರ್ಥ, ತೀರಿಹೋದ ಹಿರಿಯರಿಗೆ ಹಾಕುತ್ತೇವೆ ಎಂದೆ. ಅವನು ಕೇಳಿದ, "ಎಲ್ಲರಿಗೂ ಹಾಕುತ್ತೀರಾ?"

ಗೌರವ್ವಾ, ನಾನು ವಿಚಾರ ಮಾಡಿ ಹೇಳಿದ್ದಲ್ಲ. ನನ್ನ ಬಾಯಿಂದ ತಾನಾಗಿ ಬಂತು: "ಇಲ್ಲ, ನಮ್ಮವರಿಗೆ ಅಷ್ಟ."

ಸಂಧ್ಯಾರಾಣಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಮನುಷ್ಯ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನಿಮ್ಮ ವೈನಿ ನೀರು ತರುವ ನೆವ ಮಾಡಿ ಒಳಗೆ ಹೋದಳು. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಸತ್ಯವನ್ನು ಹೇಳಲಿಲ್ಲ. ನನಗೆ ಸಲ್ಲದ ಕೃತಜ್ಞತೆಯನ್ನು ಸುಮ್ಮನೆ ಇಸಕೊಂಡೆ. ಎಂಥ ಭಾರ ಅದು, ನಿನಗೆ ಗೊತ್ತಿಲ್ಲ.

ರಾತ್ರಿ ನಮ್ಮಲ್ಲೇ ಉಳಿದು, ಬೆಳಗ್ಗೆ ನಮಸ್ಕಾರ ಎಂದು ಕೈ ಮುಗಿದು ಹೋದ. ಆಮೇಲೆ ನಿನ್ನ ಹಳೆಯ ಕಾಗದ ತೆಗೆದು ಮತ್ತೆ ಓದಿದೆ, ಆ ಶಾಲಿನದು. ಮೊದಲ ಸಲ ಸಿಟ್ಟಿನಲ್ಲಿ ಅರ್ಧಕ್ಕೇ ಮಡಚಿ ಇಟ್ಟಿದ್ದೆ. ಇಲ್ಲಿ ಮಗನ ಮನೆಗೆ ಬರುವ ಮೊದಲು ನಾನು ಐವತ್ತು ವರ್ಷ ಹುಬ್ಬಳ್ಳಿಯ ಅಂಗಡಿಯಲ್ಲಿ ಕೂತವನು. ಅಂಗಡಿಯ ಮುಂದೆ ತೂಗುಹಾಕಿದ ಅರಿವೆಯನ್ನು ನಿಂತು ನೋಡುವ ಹೆಣ್ಣುಮಕ್ಕಳನ್ನು ಬಹಳ ಕಂಡಿದ್ದೇನೆ. ಅವರಲ್ಲಿ ಯಾರ ಕಂಕುಳಲ್ಲಿ ಕೂಸಿತ್ತೋ ನಾನು ನೋಡಿಲ್ಲ.

ಬರುತ್ತೇನೆ. ಪತ್ರಿಕೆ ಮತ್ತೆ ಮುದ್ರಿಸುವುದು ಬೇಡ. ದರ್ಶನನಿಗೂ ಫೋನ್ ಮಾಡಿ, "ನೀ ಹೇಳಿದ್ದು ಖರೆ ಅದ, ನಾ ಬರೆದದ್ದೂ ಖರೆ ಅದ" ಎಂದೆ. ಆಯೇರಿಯ ಗಂಟಿನಲ್ಲಿ ಒಂದು ಸೀರೆ ಹೆಚ್ಚಿಗೆ ಇರುತ್ತದೆ. ಯಾಕೆ ಎಂದು ಕೇಳಬೇಡ.

ಮಡಿವಾಳಪ್ಪ

ಈ ಕಾಗದಕ್ಕೆ ಅರಿಷಿಣ ಹಚ್ಚಿದ್ದೇನೆ, ನೋಡಿಕೋ.


ಬ್ಲ್ಯಾಕ್‌ಟೌನ್
೧ ಸೆಪ್ಟೆಂಬರ್ ೨೦೨೪

ಅಣ್ಣಾ,

ನೀವಿಬ್ಬರೂ ಸುಖವಾಗಿ ಮುಟ್ಟಿದಿರೆಂದು ವೀರೇಂದ್ರ ಮೆಸೇಜು ಮಾಡಿದ. ಮಗನಾದರೂ ಸರಿಯಾಗಿ ಮೆಸೇಜು ಮಾಡುತ್ತಾನೆ, ಅಪ್ಪನಿಗೆ ಕಾಗದವೇ ಬೇಕು. ಇರಲಿ, ನನಗೂ ಈಗ ರೂಢಿಯಾಗಿದೆ.

ಗಾನವಿಯ ಕೈಹಿಡಿದು ನೀನು ಬರುವಾಗ ನಿನ್ನ ಹೆಜ್ಜೆ ಅವಳ ಹೆಜ್ಜೆಗಿಂತ ಹಿಂದೆ ಬೀಳುತ್ತಿತ್ತು. ಅವಳು ನಿನ್ನನ್ನು ಕರೆತಂದಳೋ, ನೀನು ಅವಳನ್ನು ಕರೆತಂದೆಯೋ ನೋಡಿದವರಿಗೆ ತಿಳಿಯಲಿಲ್ಲ. ಅವಳು ಎರಡು ಜಡೆ ಹಾಕಿಕೊಂಡಿದ್ದಳು, ಕಂಡೆಯಾ? ಪಾರ್ಲರಿನ ಹುಡುಗಿ ಮದುಮಗಳಿಗೆ ಒಂದೇ ಜಡೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಮೇಲೆ, ಒಂದು ಕೆಳಗೆ ಇರಲಿ ಎಂದು ತಾನೇ ಹೇಳಿ ಹಾಕಿಸಿಕೊಂಡಳು.

ಆಯೇರಿಯ ಹೊತ್ತಿನದನ್ನು ಬರೆಯುತ್ತೇನೆ, ಯಾಕೆಂದರೆ ನೀನು ಕನ್ನಡಕ ಹಾಕಿಕೊಂಡು ಚೀಟಿಯನ್ನೇ ನೋಡುತ್ತಿದ್ದೆ, ಎದುರಿಗಿದ್ದವರನ್ನು ನೋಡಲಿಲ್ಲ. ಯೂನಿಸ್ ಆಂಟಿಯ ಹೆಸರು ಮೊದಲು ಬರುತ್ತದೆ ಎಂದು ನಾನು ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆ. ನೀನು ಮೈಕು ಹಿಡಿದು ಕೂಗಿದೆ: "ಬೀಗರ ಮನಿ ಹಿರೇರು, ಲಿಂಗೈಕ್ಯ ನೋರವ್ವ ಮಾಹರ್ ಅವರಿಗೆ, ಸೋದರಮಾವನ ಕಡಿಂದ, ಇಳಕಲ್ ಸೀರಿ ಒಂದು."

ಆನೋರಾ ಹೋಗಿ ನೋರವ್ವ! ಎಲ್ಲಿಂದ ಹೊಳೆಯಿತು ನಿನಗೆ ಆ ಹೆಸರು? ಸತ್ತವರಿಗೆ ಆಯೇರಿ ಕೊಟ್ಟದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ನಮ್ಮ ಕಡೆಯ ಮಂದಿ ಮುಖ ಮುಖ ನೋಡಿಕೊಂಡರು. ಗಾನವಿ ಅರ್ಥ ಹೇಳಿದ್ದನ್ನು ಡೆಕ್ಲನ್ ಅಪ್ಪನಿಗೂ ಆಂಟಿಗೂ ಕಿವಿಯಲ್ಲಿ ಹೇಳಿದ. ಬ್ರೆಂಡನ್ ಎರಡು ಸಲ ಎದ್ದು ಎರಡು ಸಲ ಕೂತರು. ಕೊನೆಗೆ ಎದ್ದವರು ಯೂನಿಸ್ ಆಂಟಿ. ಕೋಲು ಬಿಟ್ಟು, ಎರಡೂ ಕೈ ಚಾಚಿಕೊಂಡು ಬಂದರಲ್ಲ, ಆಗ ನೀನು ತಲೆ ಎತ್ತಿದೆ. ನೋರವ್ವನ ಸೀರೆಯನ್ನು ಅವರ ಕೈಗೇ ಇಟ್ಟೆ, ಮುಂದಿನದು ನಿನಗೂ ಗೊತ್ತಿದೆ.

ಗೊತ್ತಿಲ್ಲದ್ದು ಇದು. ಆ ರಾತ್ರಿ ಚಳಿ ಬಹಳ ಇತ್ತು. ಬ್ರೆಂಡನ್ ಕಾರಿನಲ್ಲಿ ಹೀಟರ್ ಹಾಕಿದರೂ ಆಂಟಿಗೆ ನಡುಕ. ಮಡಿಲಲ್ಲಿದ್ದ ಆ ಸೀರೆಯನ್ನು ಬಿಡಿಸಿ ತಲೆಯಿಂದ ಮೊಣಕಾಲಿನವರೆಗೆ ಹೊದ್ದುಕೊಂಡು ರೌಸ್ ಹಿಲ್‌ವರೆಗೆ ಬಂದರಂತೆ. ಮನೆಗೆ ಹೋದ ಮೇಲೂ ತೆಗೆಯಲಿಲ್ಲ, ಅದನ್ನೇ ಹೊದ್ದು ಮಲಗಿದರು.

ಮರುದಿನ ಗಾನವಿ ಅವರನ್ನು ನೋಡಲು ಹೋದಳು. ಆಂಟಿ ಸೀರೆಯನ್ನು ಮಡಚಲು ಬಾರದೆ ಎದೆಗೆ ಅವಚಿಕೊಂಡು ಕೂತಿದ್ದರು. ಇವಳ ಕೈ ಹಿಡಿದು ಮೆಲ್ಲಗೆ ಕೇಳಿದರಂತೆ, ಇದು ಲಗ್ನದ ಶಾಸ್ತ್ರಕ್ಕೆ ಮಾತ್ರವೋ, ಯಾವಾಗ ವಾಪಸ್ ಕೊಡಬೇಕು ಎಂದು.

ನಿನ್ನ ಮುದ್ದಿನ ಗಾನವಿ ಎಂದೂ ಪೂರ್ತಿ ಕನ್ನಡದಲ್ಲಿ ಮಾತಾಡದವಳು, ಆಗ ಮಾತ್ರ ಕನ್ನಡದಲ್ಲೇ ಹೇಳಿದಳಂತೆ. ಆಂಟಿಗೆ ಅರ್ಥವಾಯಿತಂತೆ.

"ಇಲ್ಲ ಆಂಟಿ. ಆಯೇರಿ ಕೊಟ್ಟದ್ದನ್ನ ಯಾರೂ ವಾಪಸ್ ಇಸಕೊಳ್ಳೋದಿಲ್ಲ."

ಗೌರಿ